ಮೂರು ರಿಪೋರ್ಟ್, ಮೂರು ಹೆರಿಗೆ ತಾರೀಖು: ಯಾವುದನ್ನು ಹಿಡಿಯಬೇಕು?
ಮುಟ್ಟಿನ ಲೆಕ್ಕಕ್ಕೆ ಅಕ್ಟೋಬರ್ 17, ಮಾರ್ಚ್ 14ರ ಸ್ಕ್ಯಾನಿಗೆ ಅಕ್ಟೋಬರ್ 31, ಆಗಸ್ಟ್ 8ರ ಸ್ಕ್ಯಾನಿಗೆ ನವೆಂಬರ್ 10. ಮಗು ಚೆನ್ನಾಗಿ ಬೆಳೆದ ಮೇಲೆ ತೆಗೆದದ್ದರಿಂದ ಕೊನೆಯದೇ ಸರಿಯಲ್ಲವೇ ಅಂತ ಕೇಳಿದ್ದೀರಿ. ನನ್ನ ಫೈಲಿನಲ್ಲೂ ಹೀಗೇ ಮೂರು ತಾರೀಖಿದ್ದವು. ಕೊನೆಯದಲ್ಲ, ಮೊದಲ ಸ್ಕ್ಯಾನಿನದೇ ಸರಿ.

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 7 ದಿನ, 9 ತಿಂಗಳು ಕೂಡಿಸಿದರೆ 280 ದಿನ, ಅಂದರೆ 40 ವಾರ. ನಿಮ್ಮ ಜನವರಿ 10 ಹೀಗೇ ಅಕ್ಟೋಬರ್ 17 ಆಯಿತು. ಆದರೆ ಇದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. 14ನೇ ದಿನದ ಸುಮಾರಿಗೆ ಅಂಡ ಬಿಡುಗಡೆಯಾಯಿತು ಅಂತ ಹಿಡಿಯುತ್ತದೆ. ನಿಮಗೆ ಒಂದು ಮುಟ್ಟಿನಿಂದ ಇನ್ನೊಂದಕ್ಕೆ 40 ದಿನ ದಾಟುತ್ತದೆ ಅಂದಮೇಲೆ ಗರ್ಭ ನಿಂತದ್ದೇ ಎರಡು ವಾರ ತಡ. ಮಾರ್ಚ್ 14ಕ್ಕೆ ಲೆಕ್ಕದಲ್ಲಿ 9 ವಾರ, ಸ್ಕ್ಯಾನಿನಲ್ಲಿ 7 ವಾರ ಬಂದದ್ದು ಅದಕ್ಕೇ. ಇದರಲ್ಲಿ ಗಾಬರಿಯಾಗುವಂಥದ್ದೇನಿಲ್ಲ. (7 ವಾರ ಅಂದರೆ ಗರ್ಭ ನಿಂತು 5 ವಾರ. ಗಂಡ ಊರಿಗೆ ಬಂದ ದಿನದಿಂದ ಬೆರಳು ಮಡಿಸುವ ಮನೆಯವರಿಗೆ ಮೊದಲು ಇದನ್ನು ಹೇಳಿಬಿಡಿ.)

ಆ ರಿಪೋರ್ಟಿನಲ್ಲಿ ಸಿಆರ್‌ಎಲ್ ಅಂತ ಒಂದು ಅಳತೆ ಇರುತ್ತದೆ, ಭ್ರೂಣದ ತಲೆಯಿಂದ ಕುಂಡೆಯವರೆಗಿನ ಉದ್ದ. 7 ವಾರಕ್ಕೆ ಸುಮಾರು 1 ಸೆಂ.ಮೀ. 14 ವಾರ ತುಂಬುವವರೆಗೆ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ ಈ ಅಳತೆ 5ರಿಂದ 7 ದಿನಕ್ಕಿಂತ ಹೆಚ್ಚು ತಪ್ಪುವುದು ಅಪರೂಪ. ಮುಟ್ಟಿನ ಲೆಕ್ಕಕ್ಕೂ ಇದಕ್ಕೂ ವಾರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತಾರೀಖು ಬದಲಿಸಬೇಕು, ಅದೂ ಒಂದೇ ಸಲ. ಐವಿಎಫ್ (ಹೊರಗೆ ಬೆಳೆಸಿದ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಆಗಿದ್ದರೆ ಭ್ರೂಣ ಇಟ್ಟ ದಿನದಿಂದಲೇ ಲೆಕ್ಕ, ಸ್ಕ್ಯಾನಿಗೂ ಕಾಯಬೇಕಿಲ್ಲ.

ದೊಡ್ಡ ಎಡವಟ್ಟು ಆಗುವುದು ಏಳನೇ ತಿಂಗಳಲ್ಲಿ. ಆಗ ಮೆಷಿನ್ ತಲೆಯ ಅಗಲ, ತಲೆ ಮತ್ತು ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಅಳೆದು, ಸರಾಸರಿ ಮಗು ಯಾವ ವಾರದಲ್ಲಿ ಇಷ್ಟಿರುತ್ತದೋ ಆ ವಾರವನ್ನು ಬರೆಯುತ್ತದೆ. ನಿಮ್ಮದು 26 ವಾರ 4 ದಿನ ಅಂತ ಬಂದಿದೆ. ಅದು ಗಾತ್ರ, ವಯಸ್ಸಲ್ಲ. ಮೊದಲ ಸ್ಕ್ಯಾನಿನ ಲೆಕ್ಕಕ್ಕೆ ಅವತ್ತಿಗೆ ನಿಮಗೆ 28 ವಾರ ತುಂಬಿದೆ. 28 ವಾರದ ಮೇಲೆ ಸ್ಕ್ಯಾನಿನ ಲೆಕ್ಕ ಮೂರು ವಾರ ಆಚೀಚೆ ಆಗಬಹುದು. ನವೆಂಬರ್ 10 ಅಂತ ತಿದ್ದಿಕೊಂಡರೆ 10 ದಿನ ಹಿಂದಿರುವ ಮಗು ಕಾಗದದ ಮೇಲೆ 'ನಾರ್ಮಲ್' ಆಗಿಬಿಡುತ್ತದೆ. ತಾಯಿಯ ಬಿಪಿಯಿಂದಲೋ ಮಾಸುವಿನ ತೊಂದರೆಯಿಂದಲೋ ಬೆಳವಣಿಗೆ ಕುಂಠಿತವಾಗಿದ್ದರೆ ಅದು ಮುಚ್ಚಿಹೋಗುತ್ತದೆ, 41 ವಾರ ದಾಟಿದ್ದೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಮಗು ದಪ್ಪಗಿದ್ದರೆ ಇದರ ಉಲ್ಟಾ: ತಾರೀಖು ಹಿಂದಕ್ಕೆ ಹೋಗಿ, ದಿನ ತುಂಬುವ ಮೊದಲೇ ನೋವು ಬರಿಸುತ್ತಾರೆ.

ನಿಮ್ಮ ಮಗು ಬರೀ ಸಣ್ಣ ಮೈಯದ್ದೂ ಇರಬಹುದು. ಅದನ್ನು ತಿಳಿಯಲು ತಾರೀಖು ತಿದ್ದಬಾರದು, ಬೆಳವಣಿಗೆ ನೋಡಬೇಕು. ಎರಡು-ಮೂರು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್, ಹೊಟ್ಟೆಯ ಸುತ್ತಳತೆ ಎಷ್ಟು ಏರಿತು ಅನ್ನುವ ಹೋಲಿಕೆ, ಡಾಕ್ಟರು ಬೇಕೆಂದರೆ ಡಾಪ್ಲರ್ (ಮಗುವಿಗೆ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್). ತಾಯಿ ಕಾರ್ಡಿನಲ್ಲಿ ಅಕ್ಟೋಬರ್ 31 ಒಂದೇ ಇರಲಿ. ಮಿಕ್ಕ ಎರಡನ್ನು ಡಾಕ್ಟರ ಕೈಯಲ್ಲೇ ಹೊಡೆದುಹಾಕಿಸಿ. ಹೆರಿಗೆಗೆ ಹೋಗುವಾಗ ಫೈಲಿನಲ್ಲಿ ಮಾರ್ಚ್ ತಿಂಗಳ ರಿಪೋರ್ಟ್ ಎಲ್ಲಕ್ಕಿಂತ ಮೇಲಿರಲಿ. ರಾತ್ರಿ ಡ್ಯೂಟಿಯ ಡಾಕ್ಟರು ಮೊದಲು ತೆರೆಯುವುದು ಅದನ್ನೇ.