ಹಳೆಯ ಐ7 ಕೊಳ್ಳಬೇಕೇ, ಹೊಸ ಐ3 ಕೊಳ್ಳಬೇಕೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸಣ್ಣ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ ಆಲ್ಬಂಗಳನ್ನು ಫೋಟೊಶಾಪ್‌ನಲ್ಲಿ ಸಿದ್ಧಪಡಿಸುವ ಕಂಪ್ಯೂಟರಿನಲ್ಲಿ ಇಂಟೆಲ್ ಕೋರ್ ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ್‍ಯಾಮ್ ಮತ್ತು ಹಾರ್ಡ್ ಡಿಸ್ಕ್ ಇವೆ. ಈಗ ಅದು ಬಹಳ ನಿಧಾನವಾಗಿದೆ. ಸೆಕೆಂಡ್ ಹ್ಯಾಂಡ್ ಐ7-4790, ಬೋರ್ಡ್ ಸಹಿತ ಸೆಕೆಂಡ್ ಹ್ಯಾಂಡ್ ಎಎಂಡಿ ಎಫ್‌ಎಕ್ಸ್-8350, ಇಲ್ಲವೇ ಹೊಸ ಐ3-12100 ಎಂದು ಅಂಗಡಿಯವರು ಮೂರು ದಾರಿ ಹೇಳಿದ್ದಾರೆ. ಎಂಟು ಕೋರ್‌ಗಳ ಎಎಂಡಿಯೇ ಮೇಲಲ್ಲವೇ?

ಉತ್ತರ: ಅಲ್ಲ, ಮೂರರಲ್ಲಿ ಮೊದಲು ಕೈಬಿಡಬೇಕಾದದ್ದು ಅದನ್ನೇ. ಕೋರ್‌ಗಳ, ಅಂದರೆ ಪ್ರೊಸೆಸರ್‌ನೊಳಗೆ ಸ್ವತಂತ್ರವಾಗಿ ದುಡಿಯುವ ಘಟಕಗಳ, ಸಂಖ್ಯೆಯನ್ನಾಗಲಿ ಗಿಗಾಹರ್ಟ್ಸ್ ಅನ್ನಾಗಲಿ ಒಂದೇ ವಿನ್ಯಾಸದ ಪ್ರೊಸೆಸರ್‌ಗಳ ನಡುವೆ ಹೋಲಿಸಿದರೆ ಅರ್ಥವಿದೆ. ಬೇರೆ ಬೇರೆ ಪೀಳಿಗೆಗಳ ನಡುವೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 2012ರಲ್ಲಿ ಬಂದ ಎಫ್‌ಎಕ್ಸ್-8350ರ ಎಂಟು ಕೋರ್‌ಗಳು ನಾಲ್ಕು ಜೋಡಿಗಳಾಗಿದ್ದು, ದಶಮಾಂಶ ಲೆಕ್ಕ ಮಾಡುವ ಘಟಕವನ್ನು ಪ್ರತಿ ಜೋಡಿಯೂ ಹಂಚಿಕೊಳ್ಳುತ್ತದೆ. 4 ಗಿಗಾಹರ್ಟ್ಸ್ ವೇಗ ನಮೂದಾಗಿದ್ದರೂ ಗಡಿಯಾರದ ಒಂದೊಂದು ಮಿಡಿತದಲ್ಲಿ ಅದರ ಒಂದು ಕೋರ್ ಮುಗಿಸುವ ಕೆಲಸ ನಿಮ್ಮ ಈಗಿನ ಐ3ರ ಒಂದು ಕೋರ್‌ಗಿಂತ ಕಡಿಮೆ. ಮೇಲಾಗಿ ಅದು 125 ವಾಟ್‌ನ ಪ್ರೊಸೆಸರ್, ಮತ್ತು ಈಚಿನ ಹಲವು ತಂತ್ರಾಂಶಗಳು ಬಯಸುವ ಎವಿಎಕ್ಸ್-2 (ಒಂದೇ ಆದೇಶಕ್ಕೆ ಹಲವು ಲೆಕ್ಕ ಮಾಡುವ) ಸೌಲಭ್ಯ ಅದರಲ್ಲಿಲ್ಲ. ನಿಮ್ಮ ಹಳೆಯ ಐ3ರಲ್ಲಿಯೂ ಅದು ಇದೆ!

ಐ7-4790 ನಿಮ್ಮ ಪ್ರೊಸೆಸರ್‌ನ ಪೀಳಿಗೆಯದೇ, ಅಂದರೆ ಇಂಟೆಲ್‌ನ 4ನೆಯ ಪೀಳಿಗೆಯದು. ಎರಡು ಕೋರ್‌ಗಳ ಬದಲು ನಾಲ್ಕು ಕೋರ್‌ಗಳೂ ಎಂಟು ಥ್ರೆಡ್‌ಗಳೂ (ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು) ಸಿಗುವುದರಿಂದ ನೂರಾರು ಚಿತ್ರಗಳನ್ನು ಒಟ್ಟಿಗೆ ಜೆಪೆಗ್‌ಗೆ ಪರಿವರ್ತಿಸುವಂಥ ಕೆಲಸಗಳಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಕೋರ್‌ನ ಗರಿಷ್ಠ ವೇಗ 3.4ರಿಂದ 4.0 ಗಿಗಾಹರ್ಟ್ಸ್‌ಗೆ ಏರುತ್ತದೆ, ಅಷ್ಟೆ. ಬ್ರಷ್ ಎಳೆಯುವುದು, ಲೇಯರ್ ಸರಿಸುವುದು ಮೊದಲಾದ ಹೆಚ್ಚಿನ ಕೆಲಸಗಳು ಒಂದೆರಡು ಕೋರ್‌ಗಳ ವೇಗವನ್ನೇ ಅವಲಂಬಿಸಿರುವುದರಿಂದ ಅಲ್ಲಿ ಲಾಭ ಸಾಧಾರಣ. 2022ರ ಐ3-12100ರಲ್ಲಿಯೂ ನಾಲ್ಕು ಕೋರ್, ಎಂಟು ಥ್ರೆಡ್‌ಗಳಿವೆ. ಆದರೆ ಒಂದು ಕೋರ್‌ನ ಸಾಮರ್ಥ್ಯದಲ್ಲಿ ಅದು ಐ7-4790ರ ಸುಮಾರು ಒಂದೂವರೆ ಪಟ್ಟಿದೆ. ಐ3, ಐ7 ಎಂಬ ಹೆಸರುಗಳು ಆಯಾ ಪೀಳಿಗೆಯೊಳಗಿನ ದರ್ಜೆಯನ್ನಷ್ಟೇ ಹೇಳುತ್ತವೆ. ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ‘ಐ7’ ಎಂಬ ಎರಡಕ್ಷರಕ್ಕೇ ಬೆಲೆ ಕಟ್ಟುತ್ತಾರೆ.

ಹಾಗಿದ್ದರೂ ನೀವು ನಾಳೆಯೇ ಐ3-12100 ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಅದಕ್ಕೆ ಹೊಸ ಮದರ್‌ಬೋರ್ಡ್ ಬೇಕು, ನಿಮ್ಮ ಡಿಡಿಆರ್3 ರ್‍ಯಾಮ್ ಅದರಲ್ಲಿ ಕೂರುವುದಿಲ್ಲ, ವಿದ್ಯುತ್ ಪೂರೈಸುವ ಹಳೆಯ ಎಸ್‌ಎಂಪಿಎಸ್ ಅನ್ನೂ ಬದಲಿಸಬೇಕಾಗಬಹುದು. ನೀವು ಹೇಳುವ ನಿಧಾನಗತಿಯ ದೊಡ್ಡ ಪಾಲು ಹಾರ್ಡ್ ಡಿಸ್ಕ್‌ನದೆಂದು ನನ್ನ ಅಂದಾಜು. ಆಲ್ಬಂ ತೆರೆದಿರುವಾಗ ಟಾಸ್ಕ್ ಮ್ಯಾನೇಜರ್ ನೋಡಿ. ಪ್ರೊಸೆಸರ್ ಬಿಡುವಾಗಿದ್ದು ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದ್ದರೆ, ಯಾವ ಪ್ರೊಸೆಸರ್ ತಂದರೂ ಪ್ರಯೋಜನ ಅಲ್ಪ. ಎಚ್81 ಬೋರ್ಡ್‌ನಲ್ಲಿ ಸೆಕೆಂಡಿಗೆ 6 ಗಿಗಾಬಿಟ್‌ನ ಎರಡು ಸಾಟಾ (ಡಿಸ್ಕ್ ಜೋಡಿಸುವ) ಪೋರ್ಟ್‌ಗಳಿರುತ್ತವೆ; ಅವುಗಳಲ್ಲೊಂದಕ್ಕೆ ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗದ ಎಸ್‌ಎಸ್‌ಡಿ ಜೋಡಿಸಿ, ರ್‍ಯಾಮ್ ಅನ್ನು ಆ ಬೋರ್ಡ್‌ನ ಮಿತಿಯಾದ 16 ಜಿಬಿಗೆ ಏರಿಸಿ. ಎಸ್‌ಎಸ್‌ಡಿ ಮುಂದಿನ ಯಂತ್ರಕ್ಕೂ ಬರುತ್ತದೆ, ಹಾಗಾಗಿ ಆ ಹಣ ಪೋಲಾಗದು.

ಇನ್ನೊಂದು ಮಿತಿಯೂ ಇದೆ. ವಿಂಡೋಸ್ 10ರ ಉಚಿತ ಬೆಂಬಲ, ಅಂದರೆ ಭದ್ರತಾ ಪರಿಷ್ಕರಣೆಗಳನ್ನು ಒದಗಿಸುವುದು, 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಂಟೆಲ್‌ನ 8ನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರ್‌ಗಳನ್ನು, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ದಿನವೂ ಗಿರಾಕಿಗಳ ಪೆನ್ ಡ್ರೈವ್ ಚುಚ್ಚಿಸಿಕೊಳ್ಳುವ ಸ್ಟುಡಿಯೊ ಯಂತ್ರಕ್ಕೆ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಐ7-4790ಕ್ಕೆ, ಹೊಸ ಐ3 ಮತ್ತು ಬೋರ್ಡ್‌ಗೆ ತಗಲುವ ಒಟ್ಟು ಖರ್ಚಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೇಳಿದರೆ ಬಿಟ್ಟುಬಿಡಿ.

ಅಗ್ಗಕ್ಕೆ ಸಿಕ್ಕಿ ಕೊಳ್ಳುವುದೇ ಆದರೆ, ಮೊದಲು ಬೋರ್ಡ್‌ನ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಒಳ ತಂತ್ರಾಂಶ) ಆವೃತ್ತಿ ನೋಡಿಕೊಳ್ಳಿ: 2013ರ ಎಷ್ಟೋ ಎಚ್81 ಬೋರ್ಡ್‌ಗಳು 2014ರಲ್ಲಿ ಬಂದ ಐ7-4790 ಅನ್ನು ಗುರುತಿಸಲು ಹೊಸ ಬಯೋಸ್ ಕೇಳುತ್ತವೆ, ಅದನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಹಾಕಬೇಕು. 54 ವಾಟ್‌ನ ಐ3ಕ್ಕೆ ಬಂದಿದ್ದ ಸಣ್ಣ ಕೂಲರ್ 84 ವಾಟ್‌ನ ಐ7ಕ್ಕೆ ಸಾಲದು. ಈ ಸಾಕೆಟ್‌ನಲ್ಲಿ ಸೂಕ್ಷ್ಮ ಪಿನ್‌ಗಳಿರುವುದು ಬೋರ್ಡ್‌ನಲ್ಲಿಯೇ ಆದ್ದರಿಂದ, ಪ್ರೊಸೆಸರ್ ಬದಲಿಸುವಾಗ ಅವು ಬಾಗದಂತೆ ನೇರವಾಗಿ ಇಳಿಸಲು ಹೇಳಿ.