ದುಡ್ಡು ಕೊಟ್ಟು ಪೇಪರ್ ಹಾಕಿಸಬೇಡಿ

ಪ್ರಶ್ನೆ: ನಾನು ಇತಿಹಾಸದಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ವಾಟ್ಸಾಪ್‌ನಲ್ಲಿ ಒಬ್ಬರು ‘ಯುಜಿಸಿ ಅಪ್ರೂವ್ಡ್ ಜರ್ನಲ್, ಮೂರೇ ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ’ ಅಂತ ನನ್ನ ಸಂಶೋಧನಾ ಲೇಖನ (ಪೇಪರ್) ಹಾಕಿಸಲು ದುಡ್ಡು ಕೇಳುತ್ತಿದ್ದಾರೆ. ಕೊಡಲೇ?

ಬೇಡ. ಇತಿಹಾಸದವರೂ ಸೈಕಾಲಜಿಯವರೂ ಇದನ್ನೇ ಕೇಳುತ್ತಿದ್ದೀರಿ. ಓದಿದಾಗೆಲ್ಲ ಸಿಟ್ಟು ಬರುತ್ತದೆ. ಸಿಟ್ಟು ನಿಮ್ಮ ಮೇಲಲ್ಲ, ನಿಮ್ಮ ಭಯವನ್ನೇ ಬಂಡವಾಳ ಮಾಡಿಕೊಂಡ ಈ ದಲ್ಲಾಳಿಗಳ ಮೇಲೆ.

ಅವರ ಮೊದಲ ಸುಳ್ಳು ‘ಯುಜಿಸಿ ಅಪ್ರೂವ್ಡ್’. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ, ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲೇ ಕೈಬಿಟ್ಟಿದೆ. ಎರಡನೆಯದು, ‘ಪೇಪರ್ ಇಲ್ಲದಿದ್ದರೆ ಥೀಸಿಸ್ ತಗೊಳ್ಳಲ್ಲ’ ಅನ್ನುವುದು. 2022ರ ಪಿಎಚ್‌ಡಿ ನಿಯಮದಲ್ಲಿ ಯುಜಿಸಿ ಆ ಕಡ್ಡಾಯ ತೆಗೆದುಹಾಕಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಹಾಕಿರಬಹುದು. ಅದನ್ನು ಪಿಎಚ್‌ಡಿ ವಿಭಾಗದಲ್ಲಿ ಕೇಳಿ, ದಲ್ಲಾಳಿಯನ್ನಲ್ಲ.

ಮುಂದೆ ಪೇಪರ್ ಬೇಕೇ ಬೇಕು, ನಿಜ. ಯುಜಿಸಿಯ 2018ರ ನಿಯಮದ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ನೇರ ನೇಮಕಾತಿಗೆ 8 ವರ್ಷದ ಅನುಭವ, 7 ಪ್ರಕಟಣೆ. ಪ್ರೊಫೆಸರ್ ಹುದ್ದೆಗೆ 10 ವರ್ಷ, 10 ಪ್ರಕಟಣೆ. ಆದರೆ ಸಂದರ್ಶನದಲ್ಲಿ ಕುಳಿತವರು ಅವನ್ನು ತೆರೆದು ನೋಡುತ್ತಾರೆ. ನಾನು ಕುಳಿತಿದ್ದ ಒಂದು ಸಂದರ್ಶನಕ್ಕೆ ಒಬ್ಬ ಅಭ್ಯರ್ಥಿ ಹಾಸನ ಜಿಲ್ಲೆಯ ಹೊಯ್ಸಳ ಶಾಸನಗಳ ಬಗ್ಗೆ ಬರೆದ ಲೇಖನ ತಂದಿದ್ದರು. ಅದೇ ಸಂಚಿಕೆಯಲ್ಲಿ ಹಿಂದಿನ ಲೇಖನ ಸಿಮೆಂಟಿನದು, ಮುಂದಿನದು ಮೀನು ಸಾಕಣೆಯದು. ಸಂಪಾದಕರ ಪಟ್ಟಿಯಲ್ಲಿ ಇತಿಹಾಸದವರು ಒಬ್ಬರೂ ಇಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕಾದ ಯಾವ ಸಂಪುಟ ನೋಡಿದಿರಿ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಅದು ಕರ್ನಾಟಕದ ಶಾಸನಗಳ ಸಂಪುಟಮಾಲೆ; ಬಿ.ಎಲ್. ರೈಸ್ ಸಂಪಾದಿಸಿದ ಹಳೆಯ ಆವೃತ್ತಿಯ ಐದನೇ ಸಂಪುಟವೇ ಹಾಸನ ಜಿಲ್ಲೆಯದು. ಶಾಸನ ಓದಿದವರಿಗೆ ಇದು ಬಾಯಿಪಾಠ ಇರುತ್ತದೆ. ಆಮೇಲೆ ಅವರ ಉಳಿದ ಪೇಪರ್‌ಗಳನ್ನೂ ಯಾರೂ ನಂಬಲಿಲ್ಲ.

ಒಳ್ಳೆಯ ಜರ್ನಲ್‌ನಲ್ಲಿ ವಿಷಯ ಬಲ್ಲವರು ಲೇಖನ ಓದಿ ತಪ್ಪು ತೋರಿಸುತ್ತಾರೆ, ತಿದ್ದಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲವು ಒಳ್ಳೆಯ ಓಪನ್ ಆಕ್ಸೆಸ್ (ಓದುಗರಿಗೆ ಉಚಿತವಾದ) ಜರ್ನಲ್‌ಗಳೂ ಶುಲ್ಕ ಕೇಳುತ್ತವೆ, ಆದರೆ ಲೇಖನ ಒಪ್ಪಿಗೆಯಾದ ಮೇಲೆ. ಓದುವ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ‘ನಾವೇ ಬರೆದುಕೊಡ್ತೀವಿ’ ಅನ್ನುವವರ ಹತ್ತಿರವಂತೂ ಸುಳಿಯಬೇಡಿ. ಥೀಸಿಸ್‌ನಲ್ಲಿ ಶೇ 60ಕ್ಕಿಂತ ಜಾಸ್ತಿ ನಕಲು ಸಿಕ್ಕರೆ ನೋಂದಣಿಯೇ ರದ್ದು. ಆಗ ಹೋಗುವುದು ನಿಮ್ಮ ಹೆಸರು, ಅವರದ್ದಲ್ಲ.

ನಿಮ್ಮ ಗೈಡೇ ‘ಹಾಕಿಸು’ ಅಂದರೆ? ‘ಸರ್, ಮೊದಲು ಒಂದು ಅಧ್ಯಾಯ ಲೇಖನ ಮಾಡ್ತೀನಿ, ನೀವು ನೋಡಿಕೊಡಿ’ ಅನ್ನಿ. ಆ ಒಂದು ಅಧ್ಯಾಯಕ್ಕಾಗಿ ಪತ್ರಾಗಾರದಲ್ಲಿ ಕೂತು ಮೂಲ ದಾಖಲೆ ಓದಿ. ಎರಡು ವರ್ಷಕ್ಕೆ ಒಂದೇ ಪೇಪರ್ ಬಂದರೂ ನನಗೆ ಅದೇ ಸಾಕು.

ಪ್ರಶ್ನೆ: ಪಿಎಚ್‌ಡಿ ಆದ ಕೂಡಲೇ ಪ್ರೊಫೆಸರ್ ಆಗಬಹುದಾ?

ಇಲ್ಲ. ಶುರು ಅಸಿಸ್ಟೆಂಟ್ ಪ್ರೊಫೆಸರ್‌ನಿಂದ.

ಪ್ರಶ್ನೆ: ಕನ್ನಡ ಮಾಧ್ಯಮದವನು. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಕಷ್ಟ ಆಗುತ್ತಿದೆ.

ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್ ಬರೆಯಿರಿ, ಇತಿಹಾಸದ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಆ ಅರ್ಹತೆ ನಡೆಯುವುದು ಕರ್ನಾಟಕದೊಳಗೆ ಮಾತ್ರ. ಇಂಗ್ಲಿಷ್ ಓದುವುದನ್ನು ಮಾತ್ರ ಬಿಡಬೇಡಿ, ಅರ್ಧಕ್ಕರ್ಧ ಆಕರಗಳು ಅದರಲ್ಲೇ ಇವೆ.

ಪ್ರಶ್ನೆ: ಹೋಟೆಲ್ ಸಮಾರಂಭದಲ್ಲಿ ಗೌರವ ಡಾಕ್ಟರೇಟ್ ಕೊಡುತ್ತಾರಂತೆ. ನೌಕರಿಗೆ ಬರುತ್ತದಾ?

ಯಾವ ನೌಕರಿಗೂ ಬರುವುದಿಲ್ಲ.

ಪ್ರಶ್ನೆ: ಸೈಕಾಲಜಿ ಎಂಎ, ಪಿಎಚ್‌ಡಿ ಆಗಿದೆ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಂಜೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬಹುದಾ?

ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇಲ್ಲದೆ ಹಾಕುವಂತಿಲ್ಲ. ಪಾಠ ಮಾಡುವ ಅರ್ಹತೆ ಬೇರೆ, ಚಿಕಿತ್ಸೆ ಕೊಡುವ ಅರ್ಹತೆ ಬೇರೆ. ‘ಡಾ.’ ನೋಡಿ ಜನ ಮಾತ್ರೆ ನಿಲ್ಲಿಸಿ ನಿಮ್ಮ ಹತ್ತಿರ ಬಂದರೆ ಏನು ಮಾಡುತ್ತೀರಿ? ಬೋರ್ಡ್ ಹಾಕಲೇಬೇಡಿ.