ಪ್ರತಿಕ್ರಿಯೆ: ಟೇಪ್ ಹಾಕುವಾಗ ಮೂತ್ರಕೋಶಕ್ಕೆ ಚುಚ್ಚಿದರೆ?

ನಮಸ್ಕಾರ. ಕೆಮ್ಮಿದಾಗ, ಕಾಫಿ ಮೂಟೆ ಎತ್ತಿದಾಗ ಮೂತ್ರ ಸೋರುವ ನಿಮ್ಮ ತಾಯಿಯವರಿಗೆ ಹಾಸನದ ವೈದ್ಯರು ಟೇಪ್ ಶಸ್ತ್ರಚಿಕಿತ್ಸೆ (ಮೂತ್ರನಾಳದ ಕೆಳಗೆ ಆಸರೆಯಾಗಿ ಜಾಲರಿಯ ಪಟ್ಟಿ ಹಾಕುವುದು) ಸೂಚಿಸಿದ್ದಾರೆ, ಸೂಜಿ ಮೂತ್ರಕೋಶವನ್ನು ಚುಚ್ಚಿದರೆ ಏನು ಗತಿ ಎಂದು ಕೇಳಿದ್ದೀರಿ. ನಿಮ್ಮ ಭಯ ಆಧಾರವಿಲ್ಲದ್ದಲ್ಲ.

1996ರಲ್ಲಿ ಪ್ರಕಟವಾದ ವಿಧಾನದಲ್ಲಿ ಟೇಪನ್ನು ಎಳೆದೊಯ್ಯುವ ಸೂಜಿ ಯೋನಿಯಿಂದ ಹೊರಟು, ಪ್ಯೂಬಿಕ್ ಮೂಳೆಯ (ಕಿಬ್ಬೊಟ್ಟೆಯ ಕೆಳತುದಿಯ ಮುಂಭಾಗದ ಮೂಳೆ) ಹಿಂಬದಿಗೆ ಅಂಟಿಕೊಂಡೇ ಕಿಬ್ಬೊಟ್ಟೆಗೆ ಬರಬೇಕು. ಮೂಳೆಗೂ ಮೂತ್ರಕೋಶಕ್ಕೂ ನಡುವಿನ ಜಾಗ ಬಹಳ ಕಿರಿದು. ಸೂಜಿ ಹಿಂದಕ್ಕೆ ವಾಲಿದರೆ ಮೂತ್ರಕೋಶ, ಹೊರಬದಿಗೆ ವಾಲಿದರೆ ದೊಡ್ಡ ರಕ್ತನಾಳಗಳು. ಅದಕ್ಕೇ ಮೊದಲು ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿ ಮೂತ್ರಕೋಶವನ್ನು ಖಾಲಿ ಮಾಡುತ್ತಾರೆ. ಸೂಜಿ ದಾಟಿದ ಮೇಲೆ ಮೂತ್ರಕೋಶವನ್ನು ದ್ರವದಿಂದ ತುಂಬಿಸಿ, ಸಿಸ್ಟೊಸ್ಕೋಪಿಯಿಂದ, ಅಂದರೆ ಮೂತ್ರನಾಳದ ಮೂಲಕ ಸಣ್ಣ ದರ್ಶಕ ತೂರಿಸಿ, ಒಳಗೆ ನೋಡುತ್ತಾರೆ. ಚುಚ್ಚಿದ್ದು ಆಗಲೇ ಕಂಡರೆ ಸೂಜಿ ಹಿಂತೆಗೆದು ಮತ್ತೆ ಹಾಕಿ, ಕೆಲವು ದಿನ ಕ್ಯಾತಿಟರ್ ಇಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಕಣ್ಣಿಗೆ ಬೀಳದೆ ಒಳಗೇ ಉಳಿದ ಟೇಪ್ ಮುಂದೆ ಕಲ್ಲು, ಸೋಂಕು, ನೋವು ತರಬಹುದು. ಹಾಗಾಗಿ "ಸಿಸ್ಟೊಸ್ಕೋಪಿ ಮಾಡುತ್ತೀರಾ?" ಎಂದು ಸಂಕೋಚವಿಲ್ಲದೆ ಕೇಳಿ.

2001ರಲ್ಲಿ ಬಂದ ಇನ್ನೊಂದು ವಿಧಾನದಲ್ಲಿ ಟೇಪ್ ತೊಡೆಸಂದಿನ ಮೂಲಕ ಹೋಗುತ್ತದೆ. ಮೂತ್ರಕೋಶಕ್ಕೆ ಅಪಾಯ ಕಡಿಮೆ, ತೊಡೆಸಂದಿನ ನೋವು ಹೆಚ್ಚು. ತೋಟದ ಇಳಿಜಾರು ಹತ್ತಿ ಇಳಿಯುವವರು ಇದನ್ನು ಯೋಚಿಸಲೇಬೇಕು.

ನಿಮ್ಮ ತಾಯಿಯವರು ಮೂರು ತಿಂಗಳು ಶ್ರೋಣಿ ಸ್ನಾಯುಗಳ (ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳು) ವ್ಯಾಯಾಮವನ್ನು ಸರಿಯಾಗಿ ಕಲಿತು ಮಾಡಿದ್ದಾರೆಯೇ? ಇಲ್ಲದಿದ್ದರೆ ಅದೇ ಮೊದಲು. ನಾಚಿಕೆಯಿಂದ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುವ ನಮ್ಮ ತಾಯಂದಿರನ್ನು ನೆನೆದರೆ ಸಂಕಟವಾಗುತ್ತದೆ. ನಿಮ್ಮವರು ಬಾಯಿಬಿಟ್ಟು ಹೇಳಿದ್ದು ದೊಡ್ಡದು.

ಟೇಪ್ ಬಿಗಿಯಾದರೆ ಮೂತ್ರ ಕಟ್ಟಿಕೊಳ್ಳಬಹುದು. ಶಸ್ತ್ರಚಿಕಿತ್ಸೆ ಮುಗಿಸಿ ನಿಮ್ಮೂರು ಮೂಡಿಗೆರೆಗೆ ಹೊರಡುವ ಮೊದಲು ಅವರು ತಾವಾಗಿಯೇ ಮೂತ್ರ ಮಾಡಿದರೇ, ಒಳಗೆ ಎಷ್ಟು ಉಳಿದಿದೆ ಎಂಬುದನ್ನು ಆಸ್ಪತ್ರೆಯಲ್ಲೇ ಪರೀಕ್ಷಿಸಿಕೊಳ್ಳಿ.